ಅರ್ಜಿಯಲ್ಲಿ ಬರೆಯದ ಸಾಲುಗಳು

ಉದ್ಯೋಗಕ್ಕಾಗಿ ಅರ್ಜಿ ಸಲ್ಲಿಸುವ ಮನುಷ್ಯನು ತನ್ನ ಸೋಲುಗಳನ್ನು ತಾನೇ ಹೇಳಿಕೊಳ್ಳಬೇಕೇ? ಕೇಳಿದರೆ ಹೇಳಬೇಕೇ, ಕೇಳದಿದ್ದರೂ ಹೇಳಬೇಕೇ? ಹೆಚ್ಚಿನವರ ಪಾಲಿಗೆ ಇದೊಂದು ಪ್ರಶ್ನೆಯೇ ಅಲ್ಲ. ಅರ್ಜಿ ಎಂದರೆ ನಮ್ಮ ಒಳ್ಳೆಯ ಮುಖವನ್ನು ತೋರಿಸುವ ಕಾಗದ, ಕೆಟ್ಟ ಮುಖವನ್ನು ಹುಡುಕುವುದು ಕೆಲಸ ಕೊಡುವವನ ಹೊಣೆ ಎಂದು ನಾವು ಸಲೀಸಾಗಿ ತೀರ್ಮಾನಿಸಿಬಿಟ್ಟಿದ್ದೇವೆ. ಗುಮಾಸ್ತನ ಅರ್ಜಿಯಾದರೆ ಈ ತೀರ್ಮಾನದಿಂದ ಆಗುವ ನಷ್ಟ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಆದರೆ ಕೆಲವು ಉದ್ಯೋಗಗಳಿವೆ, ಅಲ್ಲಿ ಅರ್ಜಿಯ ಒಂದು ಸಾಲಿಗೂ ಅಪರಿಚಿತರ ಪ್ರಾಣಕ್ಕೂ ನೇರ ಸಂಬಂಧವಿರುತ್ತದೆ. ವಿಮಾನ ಚಾಲಕನ ಉದ್ಯೋಗ ಅಂತಹುದು. ಅಮೆರಿಕದ ಪ್ರಾದೇಶಿಕ ವಿಮಾನ ಕಂಪೆನಿಗಳಲ್ಲಿ ಪೈಲಟರನ್ನು ನೇಮಿಸಿಕೊಳ್ಳುವ ಕ್ರಮ ಈ ಪ್ರಶ್ನೆಯನ್ನು ಎಷ್ಟು ತೀಕ್ಷ್ಣವಾಗಿ ಎತ್ತಿದೆಯೆಂದರೆ, ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಆಲೋಚಿಸುವುದು ಉಚಿತ.

ಮೊದಲು ಈ ಕಂಪೆನಿಗಳೆಂದರೇನು ಎಂಬುದನ್ನು ಹೇಳಬೇಕು. ಅಮೆರಿಕದ ದೊಡ್ಡ ವಿಮಾನ ಸಂಸ್ಥೆಗಳು ಸಣ್ಣ ಊರುಗಳ ಹಾರಾಟವನ್ನು ಹೆಚ್ಚಾಗಿ ತಾವು ನಡೆಸುವುದಿಲ್ಲ. ಆ ಕೆಲಸವನ್ನು ಚಿಕ್ಕ ಕಂಪೆನಿಗಳಿಗೆ ಗುತ್ತಿಗೆ ಕೊಡುತ್ತವೆ. ವಿಮಾನದ ಮೈಮೇಲಿನ ಬಣ್ಣ ದೊಡ್ಡ ಸಂಸ್ಥೆಯದು, ಟಿಕೇಟಿನ ಮೇಲಿನ ಹೆಸರೂ ಅದರದೇ. ಒಳಗೆ ಕುಳಿತು ಹಾರಿಸುವವನು ಮಾತ್ರ ಬೇರೊಬ್ಬರ ಸಂಬಳಗಾರ. ಹೊಸ ಪೈಲಟನಿಗೆ ಈ ಚಿಕ್ಕ ಕಂಪೆನಿ ಮೊದಲ ಮೆಟ್ಟಿಲು. ಅಲ್ಲಿ ಕೆಲವು ವರ್ಷ ದುಡಿದು ದೊಡ್ಡ ಸಂಸ್ಥೆಗೆ ದಾಟುವುದು ಎಲ್ಲರ ಕನಸು.

ಆ ಮೊದಲ ಮೆಟ್ಟಿಲನ್ನು ತಲುಪುವುದು ಸುಲಭವಲ್ಲ. ತರಬೇತಿಯ ಖರ್ಚು ಇತ್ತೀಚಿನ ವರ್ಷಗಳಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ಡಾಲರ್. ಬಹುತೇಕ ತರುಣರು ಅದನ್ನು ಸಾಲ ಮಾಡಿ ತುಂಬುತ್ತಾರೆ. ಪ್ರತಿಯೊಂದು ಪರವಾನಿಗೆಗೂ ಒಬ್ಬ ಪರೀಕ್ಷಕನು ಪಕ್ಕದಲ್ಲಿ ಕುಳಿತು ಹಾರಾಟದ ಪರೀಕ್ಷೆ ನಡೆಸುತ್ತಾನೆ. ನಪಾಸಾದರೆ ಕೈಗೊಂದು ಚೀಟಿ ಸಿಗುತ್ತದೆ. ಅದಕ್ಕೆ ಅವರ ನಡುವೆ ಗುಲಾಬಿ ಚೀಟಿ ಎಂಬ ಹೆಸರಿದೆ. ಅನಂತರ 1,500 ಗಂಟೆಗಳ ಹಾರಾಟದ ಅನುಭವ ಬೇಕು. ವಾಯುಪಡೆಯಿಂದ ಬಂದವರಿಗೆ 750, ವಿಮಾನಯಾನದಲ್ಲಿ ಪದವಿ ಪಡೆದವರಿಗೆ 1,000 ಗಂಟೆ ಸಾಕು. ಈ ಗಂಟೆಗಳನ್ನು ಸಂಪಾದಿಸಲು ಒಬ್ಬನು ಹೊಸಬರಿಗೆ ಹಾರಾಟ ಕಲಿಸುತ್ತಾನೆ, ಇನ್ನೊಬ್ಬನು ಕೊಳವೆ ಮಾರ್ಗಗಳ ಮೇಲೆ ಹಾರಿ ಕಾವಲು ಕಾಯುತ್ತಾನೆ, ಮತ್ತೊಬ್ಬನು ಜಾಹೀರಾತಿನ ಬಟ್ಟೆಯನ್ನು ವಿಮಾನದ ಬಾಲಕ್ಕೆ ಕಟ್ಟಿಕೊಂಡು ಸಮುದ್ರ ತೀರದ ಮೇಲೆ ಸುತ್ತುತ್ತಾನೆ. ತನಗೆ ಗಂಟೆ ಕೂಡಲಿ ಎಂಬ ಒಂದೇ ಉದ್ದೇಶದಿಂದ ಇನ್ನೊಬ್ಬನಿಗೆ ವಿದ್ಯೆ ಕಲಿಸುವ ಗುರುವಿನ ಬಗ್ಗೆ ಅಧ್ಯಾಪಕನಾದ ನನಗೆ ಹೇಳಬೇಕಾದ್ದು ಸಾಕಷ್ಟಿದೆ. ಆದರೆ ಅದು ಬೇರೆಯೇ ಲೇಖನದ ವಿಷಯ.

ಗಂಟೆ ತುಂಬಿದ ಮೇಲೆ ಅರ್ಜಿ. ಅರ್ಜಿಯ ಜೊತೆಗೆ ಲಾಗ್‌ಬುಕ್, ಅಂದರೆ ಪ್ರತಿಯೊಂದು ಹಾರಾಟವನ್ನೂ ಪೈಲಟನು ತಾನೇ ಬರೆದಿಟ್ಟುಕೊಂಡ ದಿನಚರಿ. ಸಂದರ್ಶನದಲ್ಲಿ ಅದರ ಪುಟಗಳನ್ನು ತಿರುವಿ ನೋಡುತ್ತಾರೆ. ಬಹುಶಃ ತಪ್ಪದೆ ಬರುವ ಒಂದು ಪ್ರಶ್ನೆಯೆಂದರೆ: ಹಾರಾಟದ ಪರೀಕ್ಷೆಯಲ್ಲಿ ಎಂದಾದರೂ ನಪಾಸಾಗಿದ್ದೀರಾ?

2009ರ ಫೆಬ್ರವರಿ 12ರ ರಾತ್ರಿ ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಕಂಪೆನಿಯ ವಿಮಾನವೊಂದು ನ್ಯೂಆರ್ಕ್‌ನಿಂದ ಬಫೆಲೋ ನಗರಕ್ಕೆ ಹೊರಟಿತು. ಟಿಕೇಟಿನ ಮೇಲಿದ್ದುದು ಕಾಂಟಿನೆಂಟಲ್‌ನ ಹೆಸರು. ಇಳಿಯಲು ಇನ್ನು ಕೆಲವೇ ನಿಮಿಷಗಳಿದ್ದಾಗ ವಿಮಾನದ ವೇಗ ಅಪಾಯಕಾರಿಯಾಗಿ ಕುಗ್ಗಿತು. ಎಚ್ಚರಿಸಲೆಂದು ನಿಯಂತ್ರಣದ ಹಿಡಿ ಗಡಗಡನೆ ನಡುಗಿತು. ಅಂತಹ ಸಮಯದಲ್ಲಿ ಹಿಡಿಯನ್ನು ಮುಂದಕ್ಕೆ ದೂಡಿ, ಮೂಗನ್ನು ಕೆಳಗಿಳಿಸಿ ವೇಗ ಪಡೆಯಬೇಕು. ಕ್ಯಾಪ್ಟನ್ ಹಿಂದಕ್ಕೆ ಎಳೆದರು. ವಿಮಾನವು ಕ್ಲಾರೆನ್ಸ್ ಸೆಂಟರ್ ಎಂಬಲ್ಲಿ ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಮಂದಿ ಮತ್ತು ಆ ಮನೆಯಲ್ಲಿದ್ದ ಒಬ್ಬರು ಮರಣ ಹೊಂದಿದರು.

ತನಿಖೆಯಲ್ಲಿ ಒಂದು ಸಂಗತಿ ಹೊರಬಂತು. ಕ್ಯಾಪ್ಟನ್ 2005ರಲ್ಲಿ ಆ ಕಂಪೆನಿಗೆ ಸೇರುವ ಮೊದಲು ಮೂರು ಪರವಾನಿಗೆ ಪರೀಕ್ಷೆಗಳಲ್ಲಿ ನಪಾಸಾಗಿದ್ದರು. ಅರ್ಜಿಯಲ್ಲಿ ಬರೆದದ್ದು ಒಂದನ್ನು ಮಾತ್ರ. ಹಿಂದಿನ ಧಣಿಗಳಿಂದ ದಾಖಲೆ ತರಿಸಿಕೊಳ್ಳಬೇಕೆಂಬ ಕಾನೂನು 1996ರಿಂದಲೇ ಇತ್ತು. ಆದರೆ ಸರಕಾರದ ಬಳಿಯಿದ್ದ ನಪಾಸು ಚೀಟಿಗಳನ್ನು ನೋಡಬೇಕಾದರೆ ಅಭ್ಯರ್ಥಿಯ ಪ್ರತ್ಯೇಕ ಒಪ್ಪಿಗೆ ಬೇಕಿತ್ತು. ಕಂಪೆನಿ ಅದನ್ನು ಕೇಳಿರಲಿಲ್ಲ. ಎರಡು ಸಾಲುಗಳು ಖಾಲಿ ಉಳಿದವು.

ಇಲ್ಲಿ ನ್ಯಾಯ ತಪ್ಪಬಾರದು. ಆ ಎರಡು ಸಾಲು ಬರೆಯದ್ದರಿಂದಲೇ ವಿಮಾನ ಬಿತ್ತು ಎಂದು ತನಿಖೆ ಹೇಳಲಿಲ್ಲ. ನಪಾಸಾದ ಪರೀಕ್ಷೆಗಳಲ್ಲಿ ಅವರು ಮತ್ತೆ ಕುಳಿತು ಉತ್ತೀರ್ಣರಾಗಿದ್ದರು. ಮರಣ ಹೊಂದಿದವರ ಮೇಲೆ ಎಲ್ಲ ಅಪರಾಧವನ್ನೂ ಹೊರಿಸಿ ಕೈ ತೊಳೆದುಕೊಳ್ಳುವುದು ಬದುಕಿರುವವರ ಹಳೆಯ ಚಾಳಿ. ನಮ್ಮ ಪ್ರಶ್ನೆ ಬೇರೆ. ವಿಮಾನ ಬೀಳದೆ ಇದ್ದಿದ್ದರೂ ಆ ಖಾಲಿ ಸಾಲುಗಳು ತಪ್ಪೇ ಅಲ್ಲವೇ?

ತಪ್ಪಲ್ಲ ಎನ್ನುವವರ ವಾದ ದುರ್ಬಲವೇನಲ್ಲ, ಧಾರ್ಮಿಕ ಮನಸ್ಸಿಗೆ ಅದು ಬೇಗ ಹಿಡಿಸುವಂತಹುದು. ಮನುಷ್ಯನು ತನ್ನ ಕುಂದನ್ನು ತಾನೇ ಸಾರಿಕೊಂಡು ತಿರುಗಬಾರದು, ಅಲ್ಲಾಹನು ಮುಚ್ಚಿಟ್ಟುದನ್ನು ತೆರೆದಿಡಬಾರದು ಎಂಬ ಬೋಧನೆಯನ್ನು ನಾವೆಲ್ಲ ಕೇಳಿಯೇ ಬೆಳೆದವರು. ನಿನ್ನೆಯ ಸೋಲನ್ನು ದಾಟಿ ಬಂದವನನ್ನು ಆ ಸೋಲಿನಿಂದಲೇ ಏಕೆ ಅಳೆಯಬೇಕು? ಪಶ್ಚಾತ್ತಾಪಪಟ್ಟವನು ಪಾಪ ಮಾಡದವನಂತೆ ಎನ್ನುವುದಾದರೆ, ಮತ್ತೆ ಪರೀಕ್ಷೆಗೆ ಕುಳಿತು ಉತ್ತೀರ್ಣನಾದವನು ನಪಾಸಾಗದವನಂತೆ ಏಕಾಗಬಾರದು?

ಆದರೆ ಇದೇ ಪರಂಪರೆಯಲ್ಲಿ ಇನ್ನೊಂದು ಪಾಠವೂ ಇದೆ. ಪ್ರವಾದಿ(ಸ)ರವರು ಮದೀನಾದ ಪೇಟೆಯಲ್ಲಿ ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗಲಿದ ಪ್ರಸಂಗ ಎಲ್ಲರಿಗೂ ಗೊತ್ತಿದೆ. ಮಳೆಗೆ ನೆಂದ ಕಾಳನ್ನು ವ್ಯಾಪಾರಿಯು ಒಣಗಿದ ಕಾಳಿನ ಕೆಳಗೆ ಹಾಕಿದ್ದನು. ಕಾಳು ನೆನೆದುದು ಅವನ ಅಪರಾಧವಲ್ಲ, ಮಳೆ ಯಾರ ಮಾತನ್ನೂ ಕೇಳುವುದಿಲ್ಲ. ಕೊಳ್ಳುವವನಿಗೆ ಕಾಣದಂತೆ ಮಾಡಿದ್ದು ಅಪರಾಧ. ಮಾರುವವನಿಗೆ ಗೊತ್ತಿರುವ ದೋಷವನ್ನು ಕೊಳ್ಳುವವನಿಗೆ ಹೇಳಬೇಕು, ಹೇಳದಿದ್ದರೆ ದೋಷ ಕಂಡಾಗ ವ್ಯಾಪಾರವನ್ನು ಮುರಿಯುವ ಹಕ್ಕು ಕೊಂಡವನಿಗಿದೆ ಎಂದು ನಮ್ಮ ಧರ್ಮಶಾಸ್ತ್ರಜ್ಞರು ಬರೆದರು.

ಹಾಗಾದರೆ ಪೈಲಟನ ನಪಾಸು ಚೀಟಿ ಮುಚ್ಚಿಡಬೇಕಾದ ಪಾಪವೋ, ಹೇಳಲೇಬೇಕಾದ ದೋಷವೋ? ಮುಚ್ಚಿಡಬೇಕಾದುದು ದಾಸನಿಗೂ ಅವನ ಒಡೆಯನಿಗೂ ನಡುವಿನದು. ಅದನ್ನು ಬಯಲು ಮಾಡಿದರೆ ಯಾರಿಗೂ ಪ್ರಯೋಜನವಿಲ್ಲ, ಕೆಡುಕು ಹರಡುತ್ತದೆ ಅಷ್ಟೆ. ಪರೀಕ್ಷೆಯಲ್ಲಿ ನಪಾಸಾದುದು ಪಾಪವೇ ಅಲ್ಲ. ಅದು ಅವನ ಸಾಮರ್ಥ್ಯದ ಬಗೆಗಿನ ಒಂದು ಸುದ್ದಿ. ಆ ಸಾಮರ್ಥ್ಯವನ್ನೇ ಅವನು ಮಾರುತ್ತಿದ್ದಾನೆ. ಅದರ ಮೇಲೆ ತಮ್ಮ ಭಾರವನ್ನು ಹಾಕಲಿರುವವರು ಇದ್ದಾರೆ. ಅಷ್ಟೇ ಅಲ್ಲ, ಧಾನ್ಯ ಕೊಳ್ಳುವವನು ಬೇಕಾದರೆ ರಾಶಿಯೊಳಗೆ ಕೈ ಹಾಕಬಹುದು. ವಿಮಾನದ ಪ್ರಯಾಣಿಕನು ಎಲ್ಲಿ ಕೈ ಹಾಕುತ್ತಾನೆ? ಮುಂದಿನ ಬಾಗಿಲು ಮುಚ್ಚಿರುತ್ತದೆ. ಒಳಗೆ ಕುಳಿತವನ ಹೆಸರೂ ಅವನಿಗೆ ತಿಳಿಯದು. ಅವನ ಪರವಾಗಿ ಕೈ ಹಾಕಿ ನೋಡಬೇಕಾದವರು ನೇಮಕ ಮಾಡುವವರು. ಅರ್ಜಿಯಲ್ಲಿ ಸಾಲನ್ನು ಖಾಲಿ ಬಿಟ್ಟವನು ವಂಚಿಸುವುದು ಎದುರಿಗೆ ಕುಳಿತ ಅಧಿಕಾರಿಯೊಬ್ಬನನ್ನಲ್ಲ, ಅಲ್ಲಿ ಕಾಣಿಸದ ಸಾವಿರಾರು ಮಂದಿಯನ್ನು.

ಪವಿತ್ರ ಕುರ್‌ಆನ್‌ನಲ್ಲಿ ನೇಮಕಾತಿಯ ಒಂದು ಸಣ್ಣ ಪ್ರಸಂಗವಿದೆ. ಮದ್ಯನ್‌ನ ವೃದ್ಧರೊಬ್ಬರ ಮಗಳು ಹ. ಮೂಸಾ(ಅ)ರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತೆ ತಂದೆಗೆ ಸಲಹೆ ಕೊಡುತ್ತಾಳೆ. ಕೆಲಸಕ್ಕೆ ಯೋಗ್ಯನಾದವನಿಗೆ ಅವಳು ಎರಡು ಗುಣಗಳನ್ನು ಹೇಳುತ್ತಾಳೆ, ಶಕ್ತಿ ಮತ್ತು ವಿಶ್ವಸ್ತತೆ. ವಿಮಾನ ಕಂಪೆನಿಗಳ ನೇಮಕಾತಿಯನ್ನು ಓದುವಾಗ ಈ ಎರಡು ಗುಣಗಳು ಒಂದಕ್ಕೊಂದು ಹೇಗೆ ಕಟ್ಟಿಕೊಂಡಿವೆ ಎಂಬುದು ಹೊಳೆಯುತ್ತದೆ. ಶಕ್ತಿಯನ್ನು ಅಳೆಯಲು ಪರೀಕ್ಷೆಯಿದೆ, ಸಿಮ್ಯುಲೇಟರ್ ಇದೆ. ಆದರೆ ಆ ಅಳತೆಯ ಲೆಕ್ಕವನ್ನು ಬಹುಮಟ್ಟಿಗೆ ಅಭ್ಯರ್ಥಿಯ ಬಾಯಿಂದಲೇ, ಅವನ ಲಾಗ್‌ಬುಕ್‌ನಿಂದಲೇ ಪಡೆಯಬೇಕಾಗಿದೆ. ವಿಶ್ವಸ್ತತೆ ಕೆಟ್ಟರೆ ಶಕ್ತಿ ಎಷ್ಟಿದೆ ಎಂಬುದೇ ತಿಳಿಯುವುದಿಲ್ಲ.

ಲಾಗ್‌ಬುಕ್‌ನಲ್ಲಿ ಹಾರದ ಗಂಟೆಗಳನ್ನು ಬರೆದುಕೊಳ್ಳುವ ಚಾಳಿಗೆ ಅಮೆರಿಕದ ಪೈಲಟರ ನಡುವೆ ಒಂದು ಹಾಸ್ಯದ ಹೆಸರೇ ಇದೆ, ಪಾರ್ಕರ್ ಪೆನ್ನಿನ ಗಂಟೆಗಳು. ವಿಮಾನದಲ್ಲಿ ಅಲ್ಲ, ಪೆನ್ನಿನಲ್ಲಿ ಹಾರಿದ ಗಂಟೆಗಳು ಎಂದರ್ಥ. ಒಂದು ಪಾಪಕ್ಕೆ ಜನರು ನಗುವಂತಹ ಹೆಸರು ಇಟ್ಟರೆಂದರೆ ಅದು ಅವರ ನಡುವೆ ಮನೆ ಮಾಡಿದೆ ಎಂದೇ ತಿಳಿಯಬೇಕು. ನಮ್ಮಲ್ಲಿ ಲಂಚಕ್ಕೆ ಎಷ್ಟು ಹೆಸರುಗಳಿವೆ ಎಂದು ಎಣಿಸಿ ನೋಡಿ!

ನಮ್ಮ ಉಪಖಂಡವೂ ಇದರಲ್ಲಿ ಹಿಂದೆ ಬಿದ್ದಿಲ್ಲ. 2011ರಲ್ಲಿ ನಮ್ಮ ದೇಶದಲ್ಲೇ ನಕಲಿ ಅಂಕಪಟ್ಟಿ ತೋರಿಸಿ ಮೇಲಿನ ದರ್ಜೆಯ ಪರವಾನಿಗೆ ಪಡೆದ ಪೈಲಟರು ಸಿಕ್ಕಿಬಿದ್ದರು. 2020ರ ಜೂನ್‌ನಲ್ಲಿ ಪಾಕಿಸ್ತಾನದ ವಿಮಾನಯಾನ ಸಚಿವರು ತಮ್ಮ ಸಂಸತ್ತಿನಲ್ಲಿ, ಆ ದೇಶದ 860 ಪೈಲಟರ ಪೈಕಿ 262 ಮಂದಿಯ ಪರವಾನಿಗೆ ಸಂಶಯಾಸ್ಪದವೆಂದು ಹೇಳಿದರು. ಅವರಲ್ಲಿ ಅನೇಕರು ನಿರ್ದೋಷಿಗಳೆಂದು ಅನಂತರ ತಿಳಿಯಿತು. ಅಷ್ಟರಲ್ಲಿ ಯುರೋಪ್ ಅಲ್ಲಿನ ರಾಷ್ಟ್ರೀಯ ವಿಮಾನ ಸಂಸ್ಥೆಗೆ ಬಾಗಿಲು ಮುಚ್ಚಿಯಾಗಿತ್ತು, ಅದು ತೆರೆದದ್ದು 2024ರ ಕೊನೆಯಲ್ಲಿ. ಕೆಲವರ ಸುಳ್ಳಿಗೆ ಸತ್ಯವಂತರೂ ವರ್ಷಗಟ್ಟಲೆ ದಂಡ ತೆತ್ತರು. ಅಮಾನತ್ ಎಂಬ ಪದ ನಮ್ಮ ನಾಲಗೆಯ ಮೇಲೆ ಎಷ್ಟು ಸಲ ಬರುತ್ತದೆ ಎಂಬುದಕ್ಕೂ ಅದು ನಮ್ಮ ಕೈಬರಹದಲ್ಲಿ ಎಷ್ಟಿದೆ ಎಂಬುದಕ್ಕೂ ಸಂಬಂಧವಿರಲೇಬೇಕೆಂದಿಲ್ಲ ಎಂಬುದನ್ನು ಇಂತಹ ಸುದ್ದಿಗಳು ನೆನಪಿಸುತ್ತವೆ.

ಇನ್ನೊಂದು ಮಾತು ಕೇಳಿಬರುತ್ತದೆ. ಐವತ್ತು ಗಂಟೆಗಳನ್ನು ಸುಳ್ಳಾಗಿ ಸೇರಿಸಿಕೊಂಡವನು ಮೂವತ್ತು ವರ್ಷ ಒಂದು ಗೀರೂ ಇಲ್ಲದೆ ವಿಮಾನ ನಡೆಸಿ ನಿವೃತ್ತನಾದರೆ, ಅವನಿಂದ ಯಾರಿಗೆ ಏನು ನಷ್ಟವಾಯಿತು? ಮೇಲ್ನೋಟಕ್ಕೆ ಯಾರಿಗೂ ಇಲ್ಲ. ಆದರೆ ಅವನು ಸೇರಿದ ದಿನ 1,450 ಗಂಟೆಗಳನ್ನು ನಿಜವಾಗಿ ಬರೆದುಕೊಂಡು ಬಾಗಿಲ ಹೊರಗೆ ನಿಂತ ಇನ್ನೊಬ್ಬನಿದ್ದನು. ಆ ಸ್ಥಾನ ಅವನಿಂದ ಕಿತ್ತುಕೊಂಡದ್ದು. ಅಲ್ಲದೆ, ಅಪಾಯವನ್ನು ಒಪ್ಪಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕು ಆ ಅಪಾಯಕ್ಕೆ ಒಳಗಾಗುವವರದು. ಸುಳ್ಳು ಹೇಳಿದವನು ಅದನ್ನು ಅವರಿಗೆ ತಿಳಿಸದೆ ತಾನೇ ತೀರ್ಮಾನಿಸಿದನು. ಏನೂ ಆಗದೆ ಉಳಿದದ್ದು ದೇವನ ಕೃಪೆ. ಆ ಕೃಪೆಯನ್ನು ತನ್ನ ಸತ್ಯಸಂಧತೆಯ ಸರ್ಟಿಫಿಕೇಟೆಂದು ಅವನು ಗೋಡೆಗೆ ತೂಗು ಹಾಕಿಕೊಳ್ಳುವಂತಿಲ್ಲ.

ಇಷ್ಟು ಹೇಳಿ, ತರುಣರನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸಿ ಹೊರಟುಹೋದರೆ ಅದು ಅನ್ಯಾಯ. ಬಫೆಲೋದ ಆ ವಿಮಾನದ ಸಹಚಾಲಕಿಯ ವಯಸ್ಸು 24. ಆಕೆಯ ವಾರ್ಷಿಕ ಸಂಬಳ ಸುಮಾರು 16,000 ಡಾಲರ್ ಎಂಬುದು ವಿಚಾರಣೆಯಲ್ಲಿ ಬಯಲಾದಾಗ ಅಮೆರಿಕದ ಜನ ಬೆಚ್ಚಿದರು. ನ್ಯೂಆರ್ಕ್‌ನಲ್ಲಿ ಮನೆ ಮಾಡುವ ಶಕ್ತಿ ಇಲ್ಲದೆ ದೇಶದ ಇನ್ನೊಂದು ತುದಿಯ ಸಿಯಾಟಲ್ ಬಳಿ ತಂದೆತಾಯಿಯ ಜೊತೆ ವಾಸ. ಹಿಂದಿನ ರಾತ್ರಿ ಸರಕು ವಿಮಾನಗಳಲ್ಲಿ ಪ್ರಯಾಣ ಮಾಡಿ ಬಂದು, ಸಿಬ್ಬಂದಿಯ ಕೋಣೆಯಲ್ಲಿ ಕಣ್ಣು ಮುಚ್ಚಿ, ನೆಗಡಿಯಲ್ಲೇ ಕೆಲಸಕ್ಕೆ ಏರಿದ್ದಳು. ರಜೆ ಹಾಕಿದರೆ ಹೋಟೆಲಿನ ಖರ್ಚು ತಲೆಯ ಮೇಲೆ. ಕ್ಯಾಪ್ಟನ್ ಕೂಡಾ ಆ ಕೋಣೆಯಲ್ಲೇ ರಾತ್ರಿ ಕಳೆದವರು. ದಣಿವನ್ನು ಅಪಘಾತದ ಕಾರಣಗಳಲ್ಲಿ ಸೇರಿಸಬೇಕೆಂದು ತನಿಖಾ ಮಂಡಳಿಯ ಅಧ್ಯಕ್ಷೆ ಡೆಬೊರಾ ಹರ್ಸ್‌ಮನ್ ವಾದಿಸಿದರು, ಉಳಿದ ಸದಸ್ಯರು ಒಪ್ಪಲಿಲ್ಲ. ಅಭ್ಯರ್ಥಿಯಿಂದ ಪೂರ್ಣ ಸತ್ಯವನ್ನು ಕೇಳುವ ಕಂಪೆನಿ, ತನ್ನ ಪೈಲಟರು ಎಲ್ಲಿ ಮಲಗುತ್ತಾರೆ ಎಂಬ ಸತ್ಯವನ್ನು ಪ್ರಯಾಣಿಕರಿಗೆ ಹೇಳಿತ್ತೇ? ದೊಡ್ಡ ಸಂಸ್ಥೆಯ ಬಣ್ಣ ಬಳಿದ ವಿಮಾನವೂ ಒಣ ಕಾಳು ಮೇಲೆ ಹರಡಿದ ರಾಶಿಯೇ ಅಲ್ಲವೇ? 2010ರ ಕಾನೂನು, ಟಿಕೇಟು ಮಾರುವಾಗಲೇ ವಿಮಾನ ಹಾರಿಸುವವರು ಯಾರೆಂದು ಸ್ಪಷ್ಟವಾಗಿ ತಿಳಿಸಬೇಕೆಂದು ವಿಧಿಸಿತು. ಹೊಸ ಪೈಲಟರ ಸಂಬಳ ಕೆಲವು ಕಂಪೆನಿಗಳಲ್ಲಿ ಗಂಟೆಗೆ 90 ಡಾಲರಿನ ವರೆಗೆ ಏರಿದ್ದು 2022ರಲ್ಲಿ, ಅದೂ ಧರ್ಮಬುದ್ಧಿಯಿಂದಲ್ಲ, ಪೈಲಟರು ಸಾಲದೆ ಬಂದುದರಿಂದ.

ಮೃತರ ಕುಟುಂಬದವರು ಸುಮ್ಮನೆ ಕೂರಲಿಲ್ಲ. ಅವರ ಹೋರಾಟದ ಫಲವೇ ಆ 2010ರ ಕಾನೂನು. ಅಲ್ಲಿಯವರೆಗೆ 250 ಗಂಟೆ ಹಾರಿದವನೂ ಸಹಚಾಲಕನಾಗಬಹುದಿತ್ತು. ಮೇಲೆ ಹೇಳಿದ 1,500 ಗಂಟೆಗಳ ನಿಯಮ 2013ರಲ್ಲಿ ಜಾರಿಗೆ ಬಂತು. 2022ರಲ್ಲಿ ಒಂದು ಪ್ರಾದೇಶಿಕ ಕಂಪೆನಿ ತನ್ನ ಶಾಲೆಯಲ್ಲಿ ಕಲಿತವರಿಗೆ ಅದನ್ನು 750ಕ್ಕೆ ಇಳಿಸಬೇಕೆಂದು ಕೋರಿದಾಗ ಸರಕಾರ ನಿರಾಕರಿಸಿತು. ಆದರೆ ಗಂಟೆಗಳ ಸಂಖ್ಯೆಯೊಂದನ್ನೇ ನಂಬುವವರು ಈ ಸಂಗತಿಯನ್ನು ಗಮನಿಸಬೇಕು: ಆ ರಾತ್ರಿ ಬಫೆಲೋ ವಿಮಾನದಲ್ಲಿದ್ದ ಇಬ್ಬರಿಗೂ 1,500ಕ್ಕಿಂತ ಹೆಚ್ಚು ಗಂಟೆಗಳಿದ್ದವು, ಕ್ಯಾಪ್ಟನ್‌ಗೆ 3,300ಕ್ಕೂ ಮಿಕ್ಕಿ. ಸಹಚಾಲಕಿ ಕೆಲಸಕ್ಕೆ ಸೇರುವಾಗಲೇ 1,600 ಗಂಟೆ ಹಾರಿದ್ದಳು. ಆದರೆ ಅದೆಲ್ಲವೂ ಫೀನಿಕ್ಸ್‌ನ ಬಿಸಿಲಿನ ಆಕಾಶದಲ್ಲಿ. ರೆಕ್ಕೆಯ ಮೇಲೆ ಹಿಮ ಕಟ್ಟುವುದನ್ನು ಅಲ್ಲಿ ಕಂಡಿರಲೇ ಇಲ್ಲ ಎಂದು ಅಪಘಾತಕ್ಕೆ ಸ್ವಲ್ಪ ಮುಂಚೆ ಆಕೆಯೇ ಕ್ಯಾಪ್ಟನ್ ಬಳಿ ಹೇಳಿದ್ದು ಧ್ವನಿಮುದ್ರಣದಲ್ಲಿದೆ. ಕರಾವಳಿಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜೀವಗಳು ಬೆಂದುಹೋದ ದಿನ ದುಬೈಯಿಂದ ಬಂದ ವಿಮಾನದ ಕ್ಯಾಪ್ಟನ್ 10 ಸಾವಿರಕ್ಕೂ ಹೆಚ್ಚು ಗಂಟೆ ಹಾರಿದವರಾಗಿದ್ದರು. ಮತ್ತೆ ಮೇಲೇರೋಣ ಎಂದು ಸಹಚಾಲಕರು ಮೂರು ಬಾರಿ ಹೇಳಿದ್ದರು. ಎಣಿಕೆ ಹೆಚ್ಚಾದ ಮಾತ್ರಕ್ಕೆ ಕರ್ಮಕ್ಕೆ ತೂಕ ಬರುವುದಿಲ್ಲ ಎಂಬುದನ್ನು ಬೇರೆ ಸಂದರ್ಭಗಳಲ್ಲಿ ನಾವು ಒಪ್ಪುತ್ತೇವೆ, ಇಲ್ಲಿಯೂ ಒಪ್ಪಬೇಕು.

ಮುಚ್ಚಿಟ್ಟುದರ ಕಥೆಯಿರುವ ದುರಂತ ಇನ್ನೊಂದಿದೆ. 2019ರ ಫೆಬ್ರವರಿ 23ರಂದು ಟೆಕ್ಸಾಸ್‌ನ ಹ್ಯೂಸ್ಟನ್ ಬಳಿ ಅಟ್ಲಾಸ್ ಏರ್ ಕಂಪೆನಿಯ ಸರಕು ವಿಮಾನ ಕೆಸರು ನೀರಿಗೆ ಧುಮುಕಿತು. ಇಂಜಿನು ತಾನಾಗಿ ಶಕ್ತಿ ಹೆಚ್ಚಿಸುವ ಗುಂಡಿಯೊಂದು ಆಕಸ್ಮಿಕವಾಗಿ ಒತ್ತಲ್ಪಟ್ಟು, ಗಾಬರಿಗೊಂಡ ಸಹಚಾಲಕನು ಏನೂ ಕೆಡದಿದ್ದ ವಿಮಾನದ ಮೂಗನ್ನು ನೆಲಕ್ಕೆ ತಿರುಗಿಸಿದನು. ಬಫೆಲೋದಲ್ಲಿ ದೂಡಬೇಕಾದಲ್ಲಿ ಎಳೆದರು, ಇಲ್ಲಿ ದೂಡಬಾರದಲ್ಲಿ ದೂಡಿದರು. ಈ ಸಹಚಾಲಕನು ಅದಕ್ಕೆ ಮುಂಚೆ ಪ್ರಾದೇಶಿಕ ಕಂಪೆನಿಗಳಲ್ಲಿ ಮತ್ತೆ ಮತ್ತೆ ತರಬೇತಿಯಲ್ಲಿ ಸೋತವನು. ತರಬೇತಿ ಮುಗಿಸಲಾಗದೆ ಬಿಟ್ಟುಬಂದ ಕಂಪೆನಿಗಳ ಹೆಸರನ್ನೇ ಅರ್ಜಿಯಲ್ಲಿ ಬರೆದಿರಲಿಲ್ಲ. ಉದ್ದೇಶಪೂರ್ವಕವಾಗಿ ಮುಚ್ಚಿಟ್ಟು, ತನ್ನ ಸಾಮರ್ಥ್ಯವನ್ನು ಪೂರ್ತಿಯಾಗಿ ಅಳೆಯುವ ಅವಕಾಶವನ್ನು ಅವನು ಕಂಪೆನಿಗೆ ತಪ್ಪಿಸಿದನೆಂದು ಈ ಸಲ ತನಿಖಾ ಮಂಡಳಿ ಬರೆಯಿತು. ಸತ್ತ ಮೂವರಲ್ಲಿ ಒಬ್ಬನು ಆ ವಿಮಾನದ ಸಿಬ್ಬಂದಿಯೇ ಅಲ್ಲ. ಹೆಚ್ಚುವರಿ ಆಸನದಲ್ಲಿ ಕುಳಿತು ಪ್ರಯಾಣಿಸುತ್ತಿದ್ದ ಪ್ರಾದೇಶಿಕ ಕಂಪೆನಿಯ ಪೈಲಟ್. ಅವನಿಗೆ ಒಂದು ದೊಡ್ಡ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತ್ತು, ಸೇರುವುದೊಂದೇ ಬಾಕಿಯಿತ್ತು.

ವಿಚಿತ್ರವೇನೆಂದರೆ, ಒಂದು ನಪಾಸು ಚೀಟಿಯಿಂದ ಬಾಗಿಲು ಮುಚ್ಚುವುದಿಲ್ಲ. ಒಂದೆರಡು ಸೋಲುಗಳಿದ್ದವರನ್ನೂ ಪ್ರಾದೇಶಿಕ ಕಂಪೆನಿಗಳು ತೆಗೆದುಕೊಳ್ಳುತ್ತವೆ. ಏನು ತಪ್ಪಾಯಿತು, ಅದರಿಂದ ಏನು ಕಲಿತೆ ಎಂದು ಪರೀಕ್ಷಕನನ್ನಾಗಲಿ ಹವೆಯನ್ನಾಗಲಿ ದೂರದೆ ಹೇಳುವವನನ್ನು ಸಂದರ್ಶಕರು ಮೆಚ್ಚುತ್ತಾರೆ. ಬಾಗಿಲು ಖಂಡಿತವಾಗಿ ಮುಚ್ಚುವುದು ಬಚ್ಚಿಟ್ಟುದು ಸಿಕ್ಕಿದಾಗ. ಸತ್ಯ ಹೇಳಿದವನನ್ನು ಶಿಕ್ಷಿಸಿದರೆ ಸತ್ಯವೇ ಬತ್ತಿಹೋಗುತ್ತದೆ ಎಂಬುದನ್ನು ಈ ಉದ್ಯಮ ಬಹಳ ಹಿಂದೆಯೇ ಕಂಡುಕೊಂಡಿದೆ. 1976ರಿಂದ ಅಮೆರಿಕದಲ್ಲಿ ಒಂದು ವ್ಯವಸ್ಥೆಯಿದೆ. ಹಾರಾಟದಲ್ಲಿ ತನ್ನಿಂದ ಅರಿಯದೆ ಆದ ತಪ್ಪನ್ನು ಪೈಲಟನು ಹತ್ತು ದಿನಗಳೊಳಗೆ ನಾಸಾ ಸಂಸ್ಥೆಗೆ ಬರೆದು ತಿಳಿಸಿದರೆ, ಸಾಮಾನ್ಯವಾಗಿ ಅವನಿಗೆ ದಂಡ ವಿಧಿಸುವುದಿಲ್ಲ. ಬೇಕೆಂದೇ ಮಾಡಿದ್ದಕ್ಕೆ ಈ ರಕ್ಷಣೆಯಿಲ್ಲ. ತಪ್ಪನ್ನೂ ವಂಚನೆಯನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗುವ ಈ ವಿವೇಕ ನಮ್ಮ ಶಾಲೆಗಳಲ್ಲಿ, ಮನೆಗಳಲ್ಲಿ ಎಷ್ಟಿದೆ? ಅಂಕಪಟ್ಟಿಯನ್ನು ತಂದೆಗೆ ತೋರಿಸಲು ನಡುಗುವ ಹುಡುಗನಿಗೆ ಬಚ್ಚಿಡುವ ವಿದ್ಯೆಯನ್ನು ಮೊದಲು ಕಲಿಸಿದವರು ಯಾರು?

ಎಲ್ಲ ಪೈಲಟರ ದಾಖಲೆಗಳನ್ನು ಒಂದೇ ಕಡೆ ಇಡಬೇಕೆಂದು 2010ರ ಕಾನೂನೇ ಆಜ್ಞೆ ಮಾಡಿತ್ತು. ಅದರ ನಿಯಮ ಹೊರಬಂದದ್ದು 2021ರಲ್ಲಿ. ಅಟ್ಲಾಸ್ ದುರಂತದ ವರದಿಯಲ್ಲಿ ಈ ವಿಳಂಬವನ್ನೂ ದೂರಲಾಯಿತು. 2024ರ ಹೊತ್ತಿಗೆ ಅದು ಪೂರ್ತಿಯಾಗಿ ಜಾರಿಗೆ ಬಂದಿತು. ಇಂದು ನಪಾಸು ಚೀಟಿಗಳೂ ಬಿಟ್ಟುಬಂದ ತರಬೇತಿಗಳೂ ಕಂಪೆನಿಯ ಕಣ್ಣೆದುರಿಗೇ ಇರುತ್ತವೆ. ಆದ್ದರಿಂದ ಆ ಸಾಲುಗಳನ್ನು ಈಗ ಸರಿಯಾಗಿ ತುಂಬಿದವನು ಸತ್ಯವಂತನೋ, ಸಿಕ್ಕಿಬೀಳುವ ಭಯವುಳ್ಳವನೋ ಎಂದು ಹೇಳುವಂತಿಲ್ಲ.

ಲಾಗ್‌ಬುಕ್ ಮಾತ್ರ ಇನ್ನೂ ಅವನ ಕೈಯಲ್ಲೇ ಇದೆ. ಬಾಡಿಗೆಗೆ ತಂದ ಸಣ್ಣ ವಿಮಾನದಲ್ಲಿ ತರುಣನೊಬ್ಬನು ಒಂಟಿಯಾಗಿ ಹಾರಿ ಬರುತ್ತಾನೆ. ಸಂಜೆಯ ಹೊತ್ತು ಮೈದಾನದಲ್ಲಿ ಯಾರೂ ಇರುವುದಿಲ್ಲ. ವಿಮಾನವನ್ನು ಹಗ್ಗದಿಂದ ನೆಲಕ್ಕೆ ಕಟ್ಟಿ, ಪುಸ್ತಕ ತೆರೆದು, ಆ ದಿನದ ಸಾಲಿನಲ್ಲಿ 1.3 ಗಂಟೆ ಎಂದು ಬರೆಯಬೇಕೋ 1.8 ಎಂದು ಬರೆಯಬೇಕೋ ಎಂದು ಅವನು ಪೆನ್ನು ಹಿಡಿದು ಕುಳಿತಿರುತ್ತಾನೆ.